ರೇಣುಕಕ್ಕ ಮತ್ತು ಹನ್ನೆರಡನೆಯ ತುಂಡು

ಮುರಿದ ವಸ್ತು ಕೈಗೆ ಸಿಕ್ಕರೆ ಎರಡೂ ಅರ್ಧಗಳನ್ನು ಜೋಡಿಸಿ ನೋಡದವರಿಲ್ಲ. ಹೊಸಪೇಟೆಯ ನಮ್ಮ ಕಾಲೇಜಿನ ಪ್ರಯೋಗಾಲಯಕ್ಕೆ ಸಂಶೋಧನೆಗೆಂದು ಸೇರಿದ ಮೊದಲ ದಿನ ಮೇಜಿನ ಮೇಲೆ ಮುರಿದು ಬಿದ್ದಿದ್ದ ಪರೀಕ್ಷೆಯ ತುಂಡಿಗೆ ನಾನೂ ಅದನ್ನೇ ಮಾಡಹೋದೆ. ಅಲ್ಲಿಯ ಯಂತ್ರ ನೋಡಿಕೊಳ್ಳುವ ರೇಣುಕಕ್ಕ ಕೈಗೆ ಪಟ್ಟನೆ ಹೊಡೆದರು.

“ಕೂಡಸಬ್ಯಾಡ ತಂಗಿ. ಒತ್ತಿದ್ರ ಮುರಿದ ಮುಖ ಸವೀತೈತಿ. ಆಮ್ಯಾಲೆ ಯಾಕ ಮುರೀತು ಅಂತ ಯಾರನ್ನ ಕೇಳ್ತಿ?”

ನನ್ನ ಹೆಸರು ಕೇಳಿದ್ದು ಮರುದಿನ.

ಅವರು ಸಂಡೂರು ತಾಲ್ಲೂಕಿನ ಬಂಡ್ರಿಯವರು. ಐಟಿಐ ಫಿಟ್ಟರ್ ತರಗತಿಯಲ್ಲಿ ಇದ್ದ ಒಬ್ಬಳೇ ಹುಡುಗಿ; ಗಣಿಯ ವರ್ಕ್‌ಶಾಪಿನಲ್ಲಿ ದುಡಿದು, ಇಲ್ಲಿಗೆ ವರ್ಷದ ಗುತ್ತಿಗೆಯ ಮೇಲೆ ಬಂದಿದ್ದರು. ಸೀರೆಯ ಮೇಲೆ ಖಾಕಿ ಅಂಗಿ, ಜೇಬಿನಲ್ಲಿ ಭೂತಗನ್ನಡಿ. ತುಂಡನ್ನು ಗ್ರಿಪ್ಪಿನ ಹಲ್ಲುಗಳಲ್ಲಿ ಕಚ್ಚಿಸಿ, ಎಳೆದು ಬಿಟ್ಟು, ಎಳೆದು ಬಿಟ್ಟು, ಎಷ್ಟನೆಯ ಎಳೆತಕ್ಕೆ ದಣಿದು ಮುರಿಯುತ್ತದೆಂದು ಎಣಿಸುವ ಯಂತ್ರ ಅವರದು. ದಿನಗಟ್ಟಲೆ ಓಡುವ ಅದರ ಪಕ್ಕದಲ್ಲೇ ಬುತ್ತಿ ಬಿಚ್ಚುತ್ತಿದ್ದರು. ಸದ್ದು ಕೊಂಚ ಬದಲಾದರೂ ತುತ್ತು ಅಲ್ಲೇ ನಿಲ್ಲುತ್ತಿತ್ತು. ಮೊಬೈಲಿನಲ್ಲಿ ಮುಳುಗಿದ ವಿದ್ಯಾರ್ಥಿಗಳಿಗೆ, “ಅದು ಸಾಯಾಕತ್ತೈತಿ, ನೀವು ರೀಲ್ಸ್ ನೋಡ್ರಿ” ಎನ್ನುವರು.

ಕಂಪ್ಲಿ ಕಡೆಯ ಬಾಳೆನಾರನ್ನು ರಾಳದಲ್ಲಿ ಕೂಡಿಸಿ ಮಾಡಿದ ಹಲಗೆ ಎಷ್ಟು ಕಾಲ ತಾಳುತ್ತದೆಂದು ಮೊದಲೇ ಹೇಳುವ ಗಣಿತದ ಮಾದರಿ ಕಟ್ಟುವುದು ನನ್ನ ಕೆಲಸ. ಬಸ್ಸಿನ ಸೀಟಿಗೆ ಅದನ್ನು ಬಳಸಲು ಒಂದು ಕಂಪನಿ ಮುಂದೆ ಬಂದಿತ್ತು. ನಕ್ಷೆಯ ಮೇಲೆ ಹನ್ನೊಂದು ತುಂಡುಗಳ ಬಿಂದುಗಳು ನನ್ನ ಮಾದರಿಯ ರೇಖೆಗೆ ಸರಿಯಾಗಿ ಹೊಂದಿದವು. ಹನ್ನೆರಡನೆಯ ತುಂಡು ಅರ್ಧ ದಾರಿಗೂ ಮೊದಲೇ ಮುರಿಯಿತು.

ನನ್ನ ಮಾರ್ಗದರ್ಶಕರೂ ಆದ ವಿಭಾಗದ ಮುಖ್ಯಸ್ಥರು ಬಂದು ರಿಜಿಸ್ಟರ್ ತೆರೆದರು. “ಗ್ರಿಪ್ ಜಾರಿತ್ತು ಅಂತ ಬರೀರಿ ರೇಣುಕಾ. ಆ ಬಿಂದು ತೆಗೆದುಬಿಡೋಣ.”

“ಜಾರಿಲ್ರಿ ಸರ್. ನಾನ ಬಿಗದೀನಿ.” ಅಕ್ಕ ತುಂಡಿನ ತುದಿಯನ್ನು ಬೆಳಕಿಗೆ ಹಿಡಿದರು. “ಜಾರಿದ್ರ ಗ್ರಿಪ್ಪಿನ ಹಲ್ಲು ಗೀರಿರತಾವ. ಇಲ್ಲಿ ನೋಡ್ರಿ, ಹಲ್ಲು ಊರಿದ ಚುಕ್ಕಿ ಹಂಗ ಅದಾವ, ಒಂದೂ ಗೀರಿಲ್ಲ.”

“ಮುಂದಿನ ತಿಂಗಳು ನಿಮ್ಮ ಗುತ್ತಿಗೆ ನವೀಕರಣಕ್ಕೆ ಬರುತ್ತೆ. ನೆನಪಿದೆಯಾ?”

“ಐತ್ರಿ. ಆ ಸೀಟಿನ ಮ್ಯಾಲೆ ನಾನೂ ಕುಂದ್ರಾಕಿ ಅನ್ನೋದೂ ನೆನಪೈತ್ರಿ.”

ಅವರು ಹೋದ ಮೇಲೆ ಅಕ್ಕ ನನಗೆ ಭೂತಗನ್ನಡಿ ಕೊಟ್ಟರು. ಮುರಿದ ಮುಖದಲ್ಲಿ ಸಣ್ಣ ಪೊಳ್ಳು. ನಾರು ಪೂರ್ತಿ ಒಣಗುವ ಮೊದಲೇ ರಾಳ ಹಾಕಿದ್ದೆ, ತಪ್ಪು ನನ್ನದು. ಅದನ್ನು ಹೇಳಿದೆ.

“ನಿನ್ನಂಥ ಓದಿದಾಕಿಗೇ ಅವಸರಾತು. ಕಂಪನ್ಯಾಗ ಯಾರಿಗೂ ಆಗಂಗಿಲ್ಲೇನು?”

ಗುತ್ತಿಗೆ ನವೀಕರಣವಾಗಲಿಲ್ಲ. ಕೊನೆಯ ದಿನ ಬಸ್ ನಿಲ್ದಾಣದವರೆಗೆ ಜೊತೆಗೆ ನಡೆದೆ. ಮುಖ್ಯಸ್ಥರ ಎದುರು ನಾನು ಬಾಯಿ ಬಿಡದಿದ್ದುದಕ್ಕೆ ಕ್ಷಮೆ ಕೇಳಬೇಕಿತ್ತು, ಬಸ್ಸಿನ ಹೊತ್ತು ಕೇಳಿದೆ. ಸಂಡೂರಿನ ಬಸ್ಸಿನ ಕಿಟಕಿಯಿಂದ ಅಕ್ಕ ಕೇಳಿದ್ದು ಒಂದೇ.

“ಆ ಬಿಂದು ಏನ್ ಮಾಡ್ದಿ?”

“ಇಟ್ಟೀನಿ ಅಕ್ಕಾ.”

“ಹಂಗಾರ ಹಸಿ ನಾರಿಂದು ಇನ್ನೂ ಆರು ಮಾಡು. ಒಂದಕ್ಕಾದ್ರ ಜಾರೇತಿ ಅಂತಾರ. ಏಳಕ್ಕ ಏನಂತಾರ ನೋಡೂಣು.”

ಮಾಡಿದೆ. ಗ್ರಿಪ್ಪಿನ ಬೋಲ್ಟುಗಳನ್ನು ನಾನೇ ಬಿಗಿದೆ. ಆರೂ ಬೇಗ ಮುರಿದವು, ಹಲಗೆಯ ಆಯುಸ್ಸು ಹೇಳುವ ರೇಖೆ ಕೆಳಗಿಳಿಯಿತು. ಕಳಿಸಿದ ಫಲಿತಾಂಶಕ್ಕೆ ಕಂಪನಿ ಉತ್ತರಿಸಿಲ್ಲ, ಮುಖ್ಯಸ್ಥರು ಪ್ರಬಂಧಕ್ಕೆ ಸಹಿ ಹಾಕಿಲ್ಲ. ಪ್ರತಿ ಸೋಮವಾರ ಕರೆದು, ಇನ್ನೊಮ್ಮೆ ಯೋಚಿಸು ಎನ್ನುತ್ತಾರೆ. ಯೋಚಿಸಿದ್ದೇನೆ ಎಂದು ಹೇಳಿ, ಹಸಿ ನಾರಿನ ಏಳೂ ಬಿಂದುಗಳಿರುವ ಅದೇ ಪ್ರಬಂಧವನ್ನು ಮತ್ತೆ ಅವರ ಮೇಜಿನ ಮೇಲಿಟ್ಟು ಬರುತ್ತೇನೆ.