ಸೇರಿನ ಮೇಲೆ ಕೂತ ಹೆಡ್‌ಫೋನ್

ನನ್ನ ಹೆಡ್‌ಫೋನ್ ಹೋದ ತಿಂಗಳು ಒಂದು ದಿನ ಮೆಂತ್ಯ ಸೊಪ್ಪಿನ ಕಟ್ಟಿನ ಕೆಳಗೆ ಸಿಕ್ಕಿತು. ಅದರ ಹಿಂದಿನ ದಿನ ಮಾವನವರ ಟವೆಲ್ ಕೆಳಗೆ, ಅದಕ್ಕೂ ಮೊದಲು ಗಂಡನ ಹೆಲ್ಮೆಟ್ ಒಳಗೆ.

ಮದುವೆಯಾಗಿ ನರಗುಂದದಿಂದ ಗಜೇಂದ್ರಗಡಕ್ಕೆ ಬಂದ ಮೇಲೆ ಮನೆಯಿಂದಲೇ ಮಾಡುವ ಒಂದು ಕೆಲಸ ಹಿಡಿದಿದ್ದೇನೆ. ಬೆಳಗ್ಗೆ ಹತ್ತರಿಂದ ಸಂಜೆ ಐದರವರೆಗೆ, ಫ್ರಿಜ್ ಕೆಟ್ಟವರು ಫೋನ್ ಮಾಡಿದರೆ ಕನ್ನಡದಲ್ಲಿ ಸಮಾಧಾನ ಹೇಳಿ ಕಂಪ್ಲೇಂಟ್ ಬರೆದುಕೊಳ್ಳುವುದು.

ಮನೆಯವರ ಪ್ರಕಾರ ಇದು ಕೆಲಸವಲ್ಲ. "ಕಿವಿಗೆ ಹಾಕ್ಕೊಂಡು ಕುಂತಿರ್ತಾಳ, ಯಾರ ಜೋಡಿ ಮಾತಾಡ್ತಾಳೋ ಏನೋ" ಅಂತ ಅತ್ತೆ ಓಣಿಗೆಲ್ಲ ಪರಿಚಯ ಮಾಡಿಸಿದ್ದಾರೆ. ಭಾಳ ಉಪಕಾರ.

ಪಡಸಾಲೆಯ ಮೂಲೆಯಲ್ಲಿ ನನ್ನದೊಂದು ಟೇಬಲ್ ಇದೆ. ನನ್ನದು ಅಂತ ಹೇಳುವುದು ನಾನೊಬ್ಬಳೇ. ಉಳಿದವರಿಗೆ ಅದು ಕೈಯಲ್ಲಿದ್ದದ್ದನ್ನು ಇಡುವ ಜಾಗ.

ಕರೆ ಬಂದಾಗ ಹೆಡ್‌ಫೋನ್ ಹುಡುಕುವಷ್ಟರಲ್ಲಿ ಕಟ್ ಆಗುತ್ತಿತ್ತು. ಕಂಪನಿಯ ಮೇಡಂ ಎರಡು ಸಲ ವಾರ್ನಿಂಗ್ ಕೊಟ್ಟರು. ಮೂರನೇ ಸಲ ಏನೇ ತಪ್ಪಾದರೂ ಶಿಫ್ಟ್ ಬೇರೆಯವರಿಗೆ ಅಂದರು.

ನನಗೆ ನಿಜವಾಗಿ ಹೆದರಿಕೆಯಾಯಿತು. ಈ ಕೆಲಸ ಹೋದರೆ ನಾನು ಇಡೀ ದಿನ ಬರೀ ಸೊಸೆ…

ಹಾಗಾಗಿ ಹೆಡ್‌ಫೋನಿಗೆ ಒಂದು ಸ್ಟ್ಯಾಂಡ್ ಮಾಡೋಣ ಅಂತ ವಿಡಿಯೋ ನೋಡಿದೆ. ಅದರಲ್ಲಿ ಒಬ್ಬ ಮಹಾಶಯ "ತುಂಬಾ ಸುಲಭ" ಅಂತ ಹೇಳುತ್ತಾ ಡ್ರಿಲ್ ಮಷಿನ್, ಕಟಿಂಗ್ ಮಷಿನ್, ಪಾಲಿಶ್ ಮಷಿನ್ ಒಂದೊಂದಾಗಿ ಹೊರಗೆ ತೆಗೆದ. ನಮ್ಮ ಮನೆಯಲ್ಲಿ ತಲೆ ಕೊರೆಯಲು ಮಷಿನ್ ಬೇಕಿಲ್ಲ, ಜನ ಇದ್ದಾರೆ.

ಮೊದಲ ಸ್ಟ್ಯಾಂಡ್ ತಂತಿಯ ಹ್ಯಾಂಗರ್ ಬಗ್ಗಿಸಿ ಮಾಡಿದ್ದು. ಫ್ಯಾನ್ ಹಾಕಿದ ಕೂಡಲೇ ನಮಸ್ಕಾರ ಮಾಡಿ ಮಲಗಿತು.

ಎರಡನೆಯದು, ನಳ ಹಾಕಿಸಿದಾಗ ಉಳಿದ ಪೈಪಿನ ತುಂಡು, ಮೇಲೊಂದು ಟಿ ಆಕಾರದ ಜಾಯಿಂಟ್. ನೋಡೋಕೆ ಚೆನ್ನಾಗಿತ್ತು. ಗಂಡ ಬಂದು ಸುತ್ತ ತಿರುಗಿ ನೋಡಿ, "ಗ್ವಾಡಿಗೆ ಒಂದ್ ಮಳಿ ಹೊಡದಿದ್ರ ಆಗ್ತಿತ್ತಲ್ಲ?" ಅಂದರು. ಗೋಡೆಗೆ ಆ ಮೊಳೆ ಹೊಡೆದುಕೊಡಿ ಅಂತ ನಾನು ಕೇಳಿ ಮೂರು ತಿಂಗಳಾಗಿತ್ತು.

ಪೈಪಿಗೆ ಭಾರದ ಬುಡ ಬೇಕಿತ್ತು. ಅಟ್ಟದ ಮೇಲೆ ಹುಡುಕಿದಾಗ ಕಾಳು ಅಳೆಯುವ ಹಳೆಯ ಹಿತ್ತಾಳೆ ಸೇರು ಸಿಕ್ಕಿತು. ಮಾವನವರದು ಕಾಳಿನ ವ್ಯಾಪಾರ. ಈಗ ಎಲ್ಲ ತೂಕದ ಮಷಿನ್ ಆದ್ದರಿಂದ ಸೇರಿಗೆ ರಿಟೈರ್ಮೆಂಟ್.

ತೊಳೆದು, ಬೋರಲು ಹಾಕಿ, ಅದರ ಬೆನ್ನ ಮೇಲೆ ಪೈಪನ್ನು ಟೇಪಿನಿಂದ ಸುತ್ತಿ ನಿಲ್ಲಿಸಿದೆ. ಸ್ವಲ್ಪ ವಾಲುತ್ತಿತ್ತು, ಆದರೂ ನಿಂತಿತು. ಫೋಟೋ ತೆಗೆದು ಸ್ಟೇಟಸ್‌ಗೂ ಹಾಕಿದೆ.

ಮರುದಿನ ಮಧ್ಯಾಹ್ನ. ನಾನು ಕರೆಯಲ್ಲಿದ್ದೇನೆ. ಆ ಕಡೆ ಒಬ್ಬ ಅಜ್ಜಿ, ಫ್ರಿಜ್ ತಣ್ಣಗಾಗುತ್ತಿಲ್ಲ ಅಂತ ಅವರು ಬಿಸಿಯಾಗಿದ್ದಾರೆ. ಅಷ್ಟರಲ್ಲಿ ಅತ್ತೆ ಪಡಸಾಲೆಗೆ ಬಂದರು, ಟೇಬಲ್ ನೋಡಿದರು.

"ಅಯ್ಯ ಶಿವನ! ಸೇರು ಡಬ್ಬ ಹಾಕ್ಯಾಳಲ್ಲೋ! ರಾಶಿ ಅಳಿಯೂ ಸೇರು, ಲಕ್ಷ್ಮೀನ್ನ ಡಬ್ಬ ಹಾಕ್ತಾರೇನ? ನಿಮ್ಮ ನರಗುಂದದಾಗ ಇದನ್ನ ಕಲಿಸ್ಯಾರೇನ?"

ಸೇರು ಬೋರಲು ಬಿದ್ದ ಸುದ್ದಿ ಗಜೇಂದ್ರಗಡದ ಗುಡ್ಡಕ್ಕೂ ಕೇಳಿರಬೇಕು. ಕರೆ ರೆಕಾರ್ಡ್ ಆಗುತ್ತದೆ. ಮುಗಿಯಿತು, ಮೂರನೆಯದು ಬಂತು ಅಂದುಕೊಂಡೆ.

"ಸಾರಿ ಅಮ್ಮ…" ಅನ್ನುವಷ್ಟರಲ್ಲಿ ಆ ಅಜ್ಜಿ ನನ್ನನ್ನು ತಡೆದರು. "ತಂಗಿ, ನಿಮ್ಮ ಅತ್ತಿ ಹೇಳೂದು ಖರೇ ಐತಿ. ಮೊದಲ ಸೇರು ನೆಟ್ಟಗ ಮಾಡವಾ. ಫ್ರಿಜ್ಜೇನ ಓಡಿ ಹೋಗೂದಿಲ್ಲ, ನಾ ಕಾಯ್ತೀನಿ."

ಅವರು ಖರೇ ಕಾದರು! ನಾನು ಕರೆಯನ್ನು ಹೋಲ್ಡ್‌ನಲ್ಲಿಟ್ಟು, ಟೇಪ್ ಕಿತ್ತು, ಸೇರನ್ನು ನೆಟ್ಟಗೆ ಮಾಡಿದೆ. ಇಂಥ ಟ್ರೇನಿಂಗ್ ನಮಗೆ ಯಾರೂ ಕೊಟ್ಟಿರಲಿಲ್ಲ.

ಸಂಜೆ ಮೇಡಂ ಮೆಸೇಜ್ ಮಾಡಿದರು. ಹೆದರುತ್ತಲೇ ತೆರೆದು ಓದಿದೆ. ಅಜ್ಜಿ ಐದಕ್ಕೆ ಐದು ಮಾರ್ಕ್ಸ್ ಕೊಟ್ಟು, "ಹುಡುಗಿ ಹಿರೇರ ಮಾತು ಕೇಳ್ತಾಳ" ಅಂತ ಹೇಳಿದ್ದರಂತೆ. ಫ್ರಿಜ್ ಬಗ್ಗೆ ಒಂದು ಮಾತೂ ಇಲ್ಲ.

ಅತ್ತೆಗೆ ಇಷ್ಟಕ್ಕೆ ಸಮಾಧಾನವಾಗಲಿಲ್ಲ. ಬರಿದಾದ ಸೇರೂ ಇಡಬಾರದಂತೆ. ಅಬ್ಬಿಗೇರಿಯಲ್ಲಿರುವ ನಮ್ಮ ಹೊಲದ ಜೋಳ ತಂದು, ಒಂದು ಅನ್ನುವ ಬದಲು "ಲಾಭ" ಅನ್ನುತ್ತಾ ತುಂಬ ಸುರಿದರು. ಸುಗ್ಗಿಯಲ್ಲಿ ಕಾಳಿನ ರಾಶಿ ಅಳೆಯುವಾಗ ಮೊದಲ ಸೇರಿಗೆ ಹಾಗೇ ಅನ್ನುವುದು. ಆಮೇಲೆ ಪೈಪನ್ನು ತಾವೇ ಜೋಳದೊಳಗೆ ಊರಿ, ಸೇರಿಗೆ ಕುಂಕುಮ ಹಚ್ಚಿದರು.

ಈಗ ಅದು ಅಲ್ಲಾಡುವುದೂ ಇಲ್ಲ. ನನ್ನ ಇಡೀ ಇಂಜಿನಿಯರಿಂಗ್ ಅವರ ಒಂದು ಸೇರು ಜೋಳದ ಮುಂದೆ ನೆಲಕಚ್ಚಿತು.

ಅವತ್ತಿನಿಂದ ಟೇಬಲ್ ಮೇಲೆ ಸೊಪ್ಪಿಲ್ಲ, ಟವೆಲ್ ಇಲ್ಲ. ಗಂಡ ಹೆಲ್ಮೆಟ್ ಹಿಡಿದುಕೊಂಡು ಮನೆಯೆಲ್ಲ ಜಾಗ ಹುಡುಕುತ್ತಾರೆ. ಮಾವನವರು ಅಂಗಡಿಗೆ ಹೋಗುವಾಗ ಸೇರು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ. ತಿಂಗಳುಗಟ್ಟಲೆ ನಾನು ಬೇಡಿಕೊಂಡರೂ ಆಗದ್ದು ಒಂದೇ ಸಂಜೆಯಲ್ಲಿ ಆಯಿತು.

ನಿನ್ನೆ ಪಕ್ಕದ ಮನೆಯವರು ಬಂದರು. ನಾನು ಕರೆಯಲ್ಲಿದ್ದೆ. ಅವರು ಸಂತೆಯ ಚೀಲವನ್ನು ನನ್ನ ಟೇಬಲ್ ಮೇಲೆ ಇಡಲು ಹೋದಾಗ ಅತ್ತೆ ಅಡುಗೆಮನೆಯಿಂದ ಓಡಿ ಬಂದರು. "ಅಲ್ಲಿಡಬ್ಯಾಡ್ರಿ ಅಕ್ಕಾರ, ಅಲ್ಲಿ ಲಕ್ಷ್ಮಿ ಕುಂತಾಳ!"

ಮನೆಯ ಸೊಸೆಯನ್ನೂ ಹಾಗೆ ಕರೆಯುತ್ತಾರಲ್ಲ… ಒಂದು ಕ್ಷಣ ನಾನು ಬೆನ್ನು ನೆಟ್ಟಗೆ ಮಾಡಿ ಕೂತೆ. ನೋಡಿದರೆ ಅತ್ತೆಯ ಬೆರಳು ಜೋಳದ ಕಡೆಗಿತ್ತು.

ನಿಮ್ಮ ಮನೆಗಳಲ್ಲಿ ಹೇಗೆ? ಸೊಸೆ ಮಾಡುವುದೂ ಕೆಲಸ ಅಂತ ಒಪ್ಪಿಸೋಕೆ ಎಷ್ಟು ಸೇರು ಜೋಳ ಬೇಕಾಯಿತು?