ದೊಸಿತೆಯ ತಿಲ್ಮೋನನ ಝೆಲಿ ಮತ್ತು ಉಪ್ಪುಹುಲ್ಲಿನ ಹುಳು

ಶಲೂರ್ ಕೊಲ್ಲಿಯ ದಂಡೆಯಲ್ಲಿ ಬರೀ ಝೆಲಿ ಎಂದರೆ ಯಾರಿಗೂ ತಿಳಿಯದು. ದೊಸಿತೆಯ ತಿಲ್ಮೋನನ ಝೆಲಿ ಎನ್ನಬೇಕು. ಮೊದಲು ಅಜ್ಜ, ಆಮೇಲೆ ಅಪ್ಪ, ಕೊನೆಗೆ ಆಸಾಮಿ. ವಯಸ್ಸು ಎಪ್ಪತ್ತೆರಡಾದರೂ ಪ್ರತಿ ಸೆಪ್ಟೆಂಬರಿನಲ್ಲಿ ಕುಡುಗೋಲು ಹಿಡಿದು ಕಡಲಂಚಿನ ಜೌಗಿಗೆ ಇಳಿಯುತ್ತಿದ್ದಳು. ಅಲ್ಲಿಯ ಉಪ್ಪುಹುಲ್ಲನ್ನು ಮನೆಯ ಬುಡಕ್ಕೆ ಸುತ್ತಲೂ ಒತ್ತದಿದ್ದರೆ ಚಳಿಗಾಲದಲ್ಲಿ ಅಡಿಯಿಂದ ಗಾಳಿ ನುಗ್ಗಿ ನೆಲದ ಹಲಗೆಯ ಮೇಲೆ ಕಾಲಿಡುವಂತಿರಲಿಲ್ಲ.

ಆ ವರ್ಷ ಪಕ್ಕದ ಮನೆಯ ಓನೆಸೀಮ್ ಅಡ್ಡ ಬಂದ. ಅವಳ ಚಿಕ್ಕಮ್ಮನ ಮಗ. ಜೌಗಿನ ಕಾವಲು ಕೆಲಸ ಹೊಸದು, ಟೋಪಿ ಬಂದಾಗಿನಿಂದ ಕತ್ತು ತುಸು ಉದ್ದವಾಗಿತ್ತು. ಆಗಸ್ಟಿನಲ್ಲಿ ಹಾರುವ ಕಂದು ಚಿಟ್ಟೆ ಈ ಹುಲ್ಲಿಗೇ ಮೊಟ್ಟೆ ಇಡುತ್ತದೆ, ಹುಳು ಇದನ್ನೇ ತಿಂದು ಇದರ ಬುಡದಲ್ಲೇ ಚಳಿ ಕಳೆದು, ಬೇಸಿಗೆಯಲ್ಲಿ ಕೋಶವಾಗಿ, ಚಿಟ್ಟೆಯಾಗುತ್ತದೆ, ಕೊಯ್ದರೆ ವಂಶವೇ ನಿಂತೀತು ಎಂದ.

ಹುಣ್ಣಿಮೆ ಅಮಾವಾಸ್ಯೆಗೆ ಕಡಲು ಆ ಹುಲ್ಲನ್ನೆಲ್ಲ ಮುಳುಗಿಸುವುದು ಝೆಲಿ ಹುಟ್ಟಿದಾಗಿನಿಂದ ಕಂಡದ್ದು.

“ಉಪ್ಪುನೀರಲ್ಲಿ ಮುಳುಗಿದ ಹುಳ ಬದುಕುತ್ತೇನೋ? ಉಪ್ಪಿನಕಾಯಿ ಆಗುತ್ತೆ.”

“ಬದುಕುತ್ತಕ್ಕ. ಪುಸ್ತಕದಲ್ಲಿದೆ.”

“ಪುಸ್ತಕಕ್ಕೆ ಉಬ್ಬರ ಬರಲ್ಲ ಕಣೋ. ನಾನೇ ನೋಡ್ತೀನಿ. ಸತ್ರೆ ಕೊಯ್ತೀನಿ, ಹೊರೆ ನೀನು ಹೊರ್ಬೇಕು. ಬದುಕಿದ್ರೆ ಕುಡುಗೋಲು ಅಟ್ಟಕ್ಕೆ.”

ಹುಣ್ಣಿಮೆಯ ದಿನ ಬೆಳಿಗ್ಗೆ ಅಕ್ಕಿಯ ನುಚ್ಚಿನಷ್ಟು ಹಸಿರು ಹುಳುವೊಂದನ್ನು ಹುಡುಕಿ, ಅದು ಕೂತಿದ್ದ ಹುಲ್ಲಿನ ಎಸಳಿಗೆ ಕೆಂಪು ಉಣ್ಣೆದಾರ ಕಟ್ಟಿದಳು. ದಿಬ್ಬದ ಮೇಲೆ ಬಕೆಟ್ ಬೋರಲು ಹಾಕಿ ಕೂತು ಕಾಲುಚೀಲ ಹೆಣೆಯತೊಡಗಿದಳು. ನೀರು ಬಂತು, ದಾರ ಮುಳುಗಿತು. ಕಾಲುಚೀಲದ ಹಿಮ್ಮಡಿ ಮುಗಿಯುವ ಹೊತ್ತಿಗೆ ನೀರು ಇಳಿಯಿತು.

ಕನ್ನಡಕ ಏರಿಸಿ ಕೆಸರಲ್ಲೇ ಮೊಣಕಾಲೂರಿದಳು. ಎಸಳಿನ ಮೇಲೆ ಹುಳು ಇರಲಿಲ್ಲ. ನೋಡಲು ಬಂದು ಪಕ್ಕದಲ್ಲಿ ನಿಂತಿದ್ದ ಓನೆಸೀಮನ ಕತ್ತು ಗಿಡ್ಡವಾಯಿತು. ಅವಳು ಗೆದ್ದೆನೆನ್ನಲು ಬಾಯಿ ತೆರೆದದ್ದೇ, ಬುಡದ ಕೆಸರಿನಲ್ಲಿ ಏನೋ ಮಿಸುಕಿತು. ಮೆಲ್ಲಗೆ ಮೇಲೇರಿತು, ಎಸಳಿನ ಅಂಚು ಕಡಿಯಿತು.

“ಮುಖಾನೂ ಒರೆಸ್ಕೊಳ್ದೆ ಊಟಕ್ಕೆ ಕೂತ್ಬಿಡ್ತಲ್ಲೋ,” ಎಂದಳು ಝೆಲಿ.

ಕುಡುಗೋಲು ಅಟ್ಟ ಸೇರಿತು. ನೆಲ ಬೆಚ್ಚಗಾಗಬೇಕಲ್ಲ, ನೀರಿನಡಿ ಬೆಳೆದು ಅಲೆ ದಡಕ್ಕೆ ಎಸೆದ ಹಸಿ ಕಡಲಹುಲ್ಲನ್ನು ಗಾಡಿಗಟ್ಟಲೆ ತಂದು ಒತ್ತಿದಳು, ಓನೆಸೀಮನ ಕಿಟಕಿಯ ಕಡೆಗೆ ಒಂದು ಪಾಲು ಹೆಚ್ಚಾಗಿಯೇ. ಕ್ರಿಸ್‌ಮಸ್ಸಿನವರೆಗೂ ಅದು ಕೊಳೆತ ನಾತ ಹೋಗಲಿಲ್ಲ. ಅವನು ಮೂಗು ಹಿಡಿದು ಬಂದಾಗ, ನನ್ನ ಕಾಲು ಬೆಚ್ಚಗಿದೆ, ನಿನ್ನ ಹುಳುಗಳೂ ಸುಖವಾಗಿವೆ, ಮೂಗಿನ ಕಷ್ಟವೊಂದು ನಿನ್ನ ಪಾಲಿಗೆ ಬಂತು ಎಂದು ಸಮಾಧಾನ ಹೇಳಿ ಕಳಿಸಿದಳು.

ಮುಂದಿನ ಆಗಸ್ಟಿನಲ್ಲಿ ಕಂದು ಚಿಟ್ಟೆಯೊಂದು ಅವಳ ತೋಳಿನ ಮೇಲೆ ಕೂತಿತು.

“ಓನೆಸೀಮ್, ಬಂದ್ಲು ನೋಡೋ, ಹುಳುವಿನ ಕೋಶದ ಚಿಟ್ಟೆ,” ಎಂದು ದಂಡೆಯ ರೀತಿಯಲ್ಲಿ ಅದರ ಪೂರ್ತಿ ಹೆಸರು ಹಿಡಿದೇ ಹೇಳಿದಳು.