ಆಡಿನದ್ದು ಎನ್ನಬಹುದಿತ್ತು

ಭಾವನವರ ಗುಮಟೆ ಹೋದದ್ದು ನನ್ನಿಂದ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಇಲ್ಲದಿದ್ದರೆ ಕಾರವಾರದಲ್ಲಿ ನಾವು ನಡೆಸಿದ ಆ ಕಲೆ ಮತ್ತು ನಿಸರ್ಗದ ಸಪ್ತಾಹವನ್ನು ಬೈಯುತ್ತ ಕುಳಿತು ಅಸಲು ವಿಷಯಕ್ಕೆ ಬರುವುದೇ ಇಲ್ಲ. ಎರಡು ವರ್ಷ ಹಾಗೆಯೇ ಮಾಡಿದೆ.

ಗುಮಟೆ ಮಣ್ಣಿನ ಮಡಕೆಯ ವಾದ್ಯ. ಅದರ ಅಗಲ ಬಾಯಿಗೆ ಚರ್ಮ ಬಿಗಿದಿರುತ್ತದೆ. ಹಿಂದಿನ ಸಣ್ಣ ಬಾಯಿಯನ್ನು ಎಡಗೈಯಲ್ಲಿ ಮುಚ್ಚಿ ತೆರೆದು ದನಿಯನ್ನು ಏರಿಳಿಸುತ್ತಾರೆ. ಅಂಕೋಲೆ ಕಡೆ ಚೌತಿಗೂ ಸುಗ್ಗಿಗೂ ಅದು ಬೇಕೇ ಬೇಕು. ಹಳೆಯ ಗುಮಟೆಗಳಿಗೆ ಹಾಕುತ್ತಿದ್ದದ್ದು ಉಡದ ಚರ್ಮ. ಈಗ ಉಡವನ್ನು ಮುಟ್ಟಿದರೆ ಅಪರಾಧ, ಹಾಗಾಗಿ ಆಡಿನ ಚರ್ಮ. ಶೆಟಗೇರಿಯಲ್ಲಿರುವ ನನ್ನ ಅಕ್ಕನ ಗಂಡನ ಮನೆಯಲ್ಲಿ ಎರಡೂ ಇದ್ದವು. ಉಡದ್ದು ಅವರ ತಂದೆಯ ಕಾಲದ್ದು. ಬಟ್ಟೆ ಸುತ್ತಿ ಅಟ್ಟದ ಮೇಲೆ ಇಟ್ಟಿರುತ್ತಿದ್ದರು, ವರ್ಷಕ್ಕೆ ಎರಡು ಸಲ ಮಾತ್ರ ಇಳಿಸುತ್ತಿದ್ದರು.

ನಾನು ಹೈಸ್ಕೂಲು ಮುಗಿಸಿ ಕಾರವಾರದ ಕಚೇರಿಯೊಂದರಲ್ಲಿ ಗುಮಾಸ್ತನಾಗಿ ನಿವೃತ್ತನಾದವನು. ಅಕ್ಷರ ದುಂಡಗಿದೆ ಎಂಬ ಒಂದೇ ಕಾರಣಕ್ಕೆ ಸಪ್ತಾಹದ ಸಮಿತಿಗೆ ಸೇರಿಸಿಕೊಂಡರು. ಜಾನಪದದ ದಿನಕ್ಕೆ ಯಾರನ್ನು ಕರೆಯುವುದು ಎಂದಾಗ, “ಅಸಲಿ ಗುಮಟೆ ಕೇಳಿಸುತ್ತೇನೆ, ನನಗೆ ಬಿಡಿ,” ಎಂದು ಕೈ ಎತ್ತಿದೆ. ಮರುದಿನವೇ ಶೆಟಗೇರಿಗೆ ಹೋದೆ.

“ಆಡಿಂದೇ ತಕಂಡು ಬತ್ತೆ ತಮಾ,” ಎಂದರು ಭಾವ. “ಅರಣ್ಯದವ್ರೂ ಬರ್ತ್ರು ಅಂತೀ. ಹಳೇದು ಯಂತಕ್ಕೆ?”

“ಆಡಿಂದು ಡಬ್ಬಿ ಬಡದ ಹಾಂಗೆ ಕೇಳ್ತದೆ ಭಾವಾ. ಅಸಲಿ ಗುಮಟೆ ಅಂತ ಎಲ್ಲರ ಹತ್ರ ಹೇಳಿ ಇಟ್ಟಿದ್ದೆ ನಾನು.”

“ಹೇಳಿ ಇಟ್ಟವ ನೀನು. ನೀನೇ ಬಾರಿಸು ಹಂಗಾರೆ.”

ಒಳಗಿನಿಂದ ಅಕ್ಕ ನಕ್ಕಳು. “ಅವ ಬಾರಿಸಿದ್ರೆ ಚೌತಿ ಗಣಪತಿ ಆರತಿಗೂ ಕಾಯೂದಿಲ್ಲ, ತಾನೇ ನಡ್ಕಂಡು ಹೊಳೆಗೆ ಹೋಗ್ತ.”

ಅವಳು ಹೇಳಿದ್ದು ಸುಳ್ಳಲ್ಲ. ಹುಡುಗನಾಗಿದ್ದಾಗ ಮೂರು ಚೌತಿ ಗುಮಟೆ ಹಿಡಿದು ಕುಳಿತು ನೋಡಿದ್ದೇನೆ, ಲಯ ನನ್ನ ಕೈಗೆ ಬರಲೇ ಇಲ್ಲ. ಬಾರಿಸಲು ಬಾರದವನು ಅದರ ಬಗ್ಗೆ ಮಾತಾಡಲು ಕಲಿತೆ. ಯಾವುದು ಅಸಲಿ, ಯಾವುದು ನಕಲಿ ಎಂದು ಹೇಳುವುದರಲ್ಲಿ ನನಗೆ ಸಮನಾದವರಿಲ್ಲ ಎಂಬ ಜಂಬವೂ ಬಂತು. ಅಕ್ಕನ ಕಡೆಯಿಂದಲೂ ಒತ್ತಾಯ ಮಾಡಿಸಿದೆ. ಕಡೆಗೆ ಭಾವ, “ಆಯ್ತು ಮಾರಾಯಾ, ಹಳೇದೇ ತತ್ತೆ,” ಎಂದರು.

ಸಪ್ತಾಹ ಮೊದಲ ದಿನದಿಂದಲೇ ಕೆಟ್ಟಿತು. ಕಾಳಿ ನದಿಯ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳನ್ನು ನೋಡಲು ದೋಣಿ ಗೊತ್ತುಮಾಡಿದ್ದೆವು. ಮುಖ್ಯ ಅತಿಥಿ ಬಂದು ದೀಪ ಬೆಳಗಿ ನಾಲ್ಕು ಜನರ ಭಾಷಣ ಮುಗಿಯುವಷ್ಟರಲ್ಲಿ ಉಬ್ಬರದ ನೀರು ಇಳಿದಿತ್ತು. ದೋಣಿಯವನು, “ನೀರು ನಿಮ್ಮ ಭಾಷಣ ಕೇಳ್ಕಂತ ನಿಲ್ತದ್ಯಾ?” ಎಂದು ಹಗ್ಗ ಬಿಚ್ಚದೆ ಬೀಡಿ ಹಚ್ಚಿದ. ಎರಡನೆಯ ದಿನ ಹಕ್ಕಿ ನೋಡುವುದು. ಎಂಬತ್ತು ಜನ, ಜೊತೆಗೊಂದು ಕೈಮೈಕು. ಕಂಡದ್ದು ಕಾಗೆ ಮಾತ್ರ. ಕಡಲತೀರದ ಚಿತ್ರಸ್ಪರ್ಧೆಗೆ ಮಲ್ಲಾಪುರದಿಂದ ಬಸ್ಸಿನಲ್ಲಿ ಮಕ್ಕಳು ಬಂದಿದ್ದರು. ಹಾಳೆ ಒತ್ತಿಹಿಡಿಯಲು ಹಲಗೆ ತರಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಅರ್ಧ ಹಾಳೆಗಳು ಗಾಳಿಗೆ ಹಾರಿದವು, ಉಳಿದ ಅರ್ಧಕ್ಕೆ ಮರಳು ಮೆತ್ತಿತು. ಬಹುಮಾನ ಯಾರಿಗೆ ಕೊಟ್ಟರೋ ನನಗೆ ಈಗಲೂ ಗೊತ್ತಿಲ್ಲ. ದಿನಾ ಸಂಜೆ ಸಮಿತಿಯವರ ಮೇಲೆ ಕೂಗಾಡಿ ಮನೆಗೆ ಬರುತ್ತಿದ್ದೆ. ಮರುದಿನ ಅವರೇ ಮತ್ತೆ ನನ್ನ ಕೈಗೆ ಆಮಂತ್ರಣದ ಕಟ್ಟು ಕೊಡುತ್ತಿದ್ದರು.

ಐದನೆಯ ದಿನ ಜಾನಪದ. ಭಾವ ಮತ್ತು ಅವರ ತಂಡದ ನಾಲ್ವರು ಮೂರು ಗಂಟೆಗೇ ಸಭಾಭವನಕ್ಕೆ ಬಂದು ಕುಳಿತರು. ನಾಲ್ಕಕ್ಕೆ ಶುರುವಾಗಬೇಕಾದದ್ದು ಐದೂವರೆಗೆ ಶುರುವಾಯಿತು. ಮೊದಲು ಅರಣ್ಯ ಇಲಾಖೆಯ ಅಧಿಕಾರಿಯ ಉಪನ್ಯಾಸ. ಬಯಲುಸೀಮೆಯ ಕಡೆಯ ತರುಣ. ಹತ್ತು ನಿಮಿಷ ಎಂದವರು ಒಂದು ತಾಸು ಮಾತಾಡಿದರು. ಪರದೆಯ ಮೇಲೆ ಹುಲಿ, ಮಂಗಟ್ಟೆ ಹಕ್ಕಿ, ಚಿಪ್ಪುಹಂದಿ ಬಂದವು. ಉಡವೂ ಬಂತು.

ಕಡಲ ಗಾಳಿಗೆ ಗುಮಟೆಯ ಚರ್ಮ ಸಡಿಲಾಗುತ್ತದೆ, ಬೆಂಕಿಗೆ ಹಿಡಿದು ಬಿಸಿ ಮಾಡಬೇಕು. ಭಾವ ಎದ್ದು ಎದ್ದು ಹೊರಗಿನ ಚಹದಂಗಡಿಯ ಒಲೆಗೆ ಹೋಗಿಬರುತ್ತಿದ್ದರು.

“ತಮಾ, ಇನ್ನೂ ಎಷ್ಟೊತ್ತಾ? ಮೂರು ಸಲ ಕಾಸ್ದೆ. ಹಪ್ಪಳ ಸುಡ್ತ್ರಾ ಅಂತ ಕೇಳ್ತ ಅಂಗಡಿಯವ.”

ನನಗೆ ನಗು ಬರಲಿಲ್ಲ. ತಲೆ ಕಾದುಹೋಗಿತ್ತು. ಆಮೇಲೆ ಸನ್ಮಾನ, ಶಾಲು, ಫೋಟೋ. ಗುಮಟೆಗೆ ಉಳಿದದ್ದು ಕಾಲು ತಾಸು.

ಆದರೂ ಭಾವ ಬಾರಿಸಿದರು. ಮೊದಲ ಪೆಟ್ಟಿಗೇ ಹಿಂದಿನ ಸಾಲಿನವರ ಮಾತು ನಿಂತಿತು. ನಾನು ವೇದಿಕೆಯ ಬದಿಯಲ್ಲಿ ನಿಂತಿದ್ದೆ. ಅಧಿಕಾರಿ ಎದ್ದು ನನ್ನ ಹತ್ತಿರ ಬಂದರು. ಜೊತೆಗೆ ಇಬ್ಬರು ಉಪನ್ಯಾಸಕರು, ಒಬ್ಬ ಪತ್ರಿಕೆಯವ. “ಎಂಥ ನಾದ ಸರ್ ಇದು!” ಎಂದು ಅಧಿಕಾರಿ ತಲೆದೂಗಿದರು. ಒಂದು ಗಳಿಗೆ ಗುಮಟೆಯನ್ನೇ ನೋಡಿದರು. ಆಮೇಲೆ ದನಿ ತಗ್ಗಿಸಿ, ನನ್ನ ಮುಖ ನೋಡುತ್ತ ಕೇಳಿದರು:

“ಆಡಿನ ಚರ್ಮ ಅಲ್ವಾ ಸರ್?”

ಅವರಿಗೆ ತಿಳಿದಿತ್ತು. ಪ್ರಶ್ನೆಯ ಒಳಗೇ ಉತ್ತರವನ್ನೂ ಇಟ್ಟು ನನ್ನ ಕೈಗೆ ಕೊಟ್ಟಿದ್ದರು. ನಾನು ತಲೆ ಆಡಿಸಿದ್ದರೆ ಸಾಕಿತ್ತು.

“ಆಡಿನದ್ದಲ್ಲ ಸರ್, ಉಡದ್ದು,” ಎಂದೆ, ಗುಮಟೆಯ ದನಿಯ ಮೇಲೂ ಕೇಳುವಷ್ಟು ಗಟ್ಟಿಯಾಗಿ. “ಆಡಿನದ್ದು ಹೀಗೆ ಕೇಳುವುದಿಲ್ಲ. ಉಡದ ಬಗ್ಗೆ ಒಂದು ತಾಸು ಹೇಳಿದಿರಲ್ಲ, ಅದರ ದನಿ ಈಗ ಕೇಳಿ.”

ಪತ್ರಿಕೆಯವ ತಿರುಗಿ ನೋಡಿದ. ಅಧಿಕಾರಿಯ ಮುಖ ಸಣ್ಣದಾಯಿತು. “ನೀವು ಹೀಗೆ ಎಲ್ಲರ ಮುಂದೆ ಅಂದ ಮೇಲೆ, ನಾನು ಕೇಳಿಸ್ಕೊಂಡಿಲ್ಲ ಅನ್ನೋಕಾಗಲ್ಲ ಸರ್,” ಎಂದರು.

ಆ ಕ್ಷಣದಲ್ಲಿ ನನ್ನ ಮನಸ್ಸಿನಲ್ಲಿ ಏನಿತ್ತು ಎಂದು ಬಹಳ ಸಲ ಕೇಳಿಕೊಂಡಿದ್ದೇನೆ. ಐದು ದಿನದ ಸಿಟ್ಟು ಇತ್ತು, ನಿಜ. ಆದರೆ ಅದಕ್ಕಿಂತ ಹೆಚ್ಚಾಗಿ, ಅಸಲಿ ತರಿಸಿದವನು ನಾನು, ಅದನ್ನು ನಾಲ್ಕು ಜನರ ಮುಂದೆ ಆಡಿನದ್ದು ಎಂದು ಹೇಗೆ ಒಪ್ಪಲಿ ಎಂಬ ಹಟ. ಭಾವನವರ ನೆನಪೇ ಆಗಲಿಲ್ಲ. ಹತ್ತು ಮೊಳ ದೂರದಲ್ಲಿ ಅವರು ಕಣ್ಣು ಮುಚ್ಚಿ ಬಾರಿಸುತ್ತಿದ್ದರು.

ಕಾರ್ಯಕ್ರಮ ಮುಗಿದ ಮೇಲೆ ವೇದಿಕೆಯ ಹಿಂದಿನ ಕೋಣೆಯಲ್ಲಿ ಅಧಿಕಾರಿ ಭಾವನವರಿಗೆ ಸಮಾಧಾನದಿಂದಲೇ ಹೇಳಿದರು. ಹಳೆಯದೆಂದು ತೋರಿಸುವ ಕಾಗದ ಇಲ್ಲ, ಇಟ್ಟುಕೊಳ್ಳುವಂತಿಲ್ಲ. ತಾವಾಗಿ ಒಪ್ಪಿಸಿದರೆ ಮೊಕದ್ದಮೆ ಆಗದ ಹಾಗೆ ನೋಡಿಕೊಳ್ಳುತ್ತೇನೆ ಎಂದರು. ಭಾವ ನೆಲಕ್ಕೆ ಕುಳಿತು ಗುಮಟೆಯ ಬಾಯಿಯ ಸುತ್ತಲಿನ ಹುರಿ ಬಿಚ್ಚತೊಡಗಿದರು. ಯಾರೋ ಚಾಕು ಕೊಡಲು ಬಂದರು. ಬೇಡ ಎಂದು ಕೈಯಾಡಿಸಿ ಉಗುರಿನಲ್ಲೇ ಬಿಚ್ಚಿದರು. ‘ಹಿರಿಯರಿಂದ ಬಂದ ಈ ಚರ್ಮವನ್ನು ಸ್ವಂತ ಇಚ್ಛೆಯಿಂದ ಒಪ್ಪಿಸುತ್ತಿದ್ದೇನೆ’ ಎಂಬ ಹೇಳಿಕೆಯನ್ನು ಬರೆದದ್ದು ನಾನು, ನನ್ನ ದುಂಡಗಿನ ಅಕ್ಷರದಲ್ಲಿ. ಭಾವ ಸಹಿ ಮಾಡಿದರು.

ಬಸ್‌ ನಿಲ್ದಾಣದಲ್ಲಿ ಬರಿಯ ಮಡಕೆಯನ್ನು ಮಡಿಲಲ್ಲಿ ಇಟ್ಟುಕೊಂಡು ಕೇಳಿದರು: “ಅವಂಗೆ ಹ್ಯಾಂಗೆ ಗೊತ್ತಾಯ್ತಾ ತಮಾ?”

“ಓದಿದವ್ರು ಭಾವಾ. ಚರ್ಮ ನೋಡಿದ್ರೆ ಗೊತ್ತಾಗ್ತದೆ ಅವ್ರಿಗೆ,” ಎಂದೆ.

ಅವರಿಗಾಗಿ ಆಡಲಾಗದ ಸುಳ್ಳನ್ನು ನನಗಾಗಿ ಎಷ್ಟು ಸಲೀಸಾಗಿ ಆಡಿದೆ! ಅವರು ಮಡಕೆಯನ್ನು ಬೆಂಚಿನ ಮೇಲಿಟ್ಟು ಎದ್ದು ನಿಂತು ನನಗೆ ಕೈ ಮುಗಿದರು. “ನೀ ಇದ್ದದ್ದಕ್ಕೆ ಕೋರ್ಟು ಕಚೇರಿ ತಪ್ತು.” ಅಕ್ಕನ ಗಂಡ, ನನಗಿಂತ ಹನ್ನೊಂದು ವರ್ಷ ದೊಡ್ಡವರು. ನಾನು ಬೇಡ ಎನ್ನಲಿಲ್ಲ.

ಅಲ್ಲಿಂದ ಎರಡು ವರ್ಷ ನಾನು ಬೈಯದ ಜನರಿಲ್ಲ. ತಡಮಾಡಿದ ಸಮಿತಿ, ಉದ್ದ ಮಾತಾಡಿದ ಅಧಿಕಾರಿ, ಬರೆದುಕೊಂಡು ಹೋದ ಪತ್ರಿಕೆಯವ. ಕೇಳಿದವರೆಲ್ಲ ಹೌದು ಹೌದು ಎನ್ನುತ್ತಿದ್ದರು. ಈ ವರ್ಷ ಅಗಸೂರಿನಲ್ಲಿ ನೆಂಟರ ಮನೆಯ ನಿಶ್ಚಿತಾರ್ಥದಲ್ಲಿ ಭಾವ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೂವತ್ತು ಜನರೆದುರು, “ಇವ ಇಲ್ದಿದ್ರೆ ನಾ ಜೈಲಲ್ಲಿ ಮುದ್ದೆ ತಿಂತಿದ್ದೆ,” ಎಂದು ನನ್ನ ಬೆನ್ನು ತಟ್ಟಿದರು. ಎಲ್ಲರೂ ನಕ್ಕರು. ನಾನು ಅರ್ಧ ಊಟದಲ್ಲೇ ಕೈ ತೊಳೆಯಲು ಎದ್ದೆ.

ಮರುವಾರ ಶೆಟಗೇರಿಗೆ ಹೋದೆ. ಭಾವ ಅಂಗಳದಲ್ಲಿ ಶೇಂಗಾ ಒಣಗಿಸುತ್ತಿದ್ದರು. ನಿಂತಲ್ಲೇ ಹೇಳಿದೆ. ಅಧಿಕಾರಿ ಆಡಿನದ್ದು ಅಲ್ಲವೇ ಎಂದು ಕೇಳಿದ್ದು, ನಾನು ಅಲ್ಲ ಎಂದದ್ದು, ಕೂಗಿ ಹೇಳಿದ್ದು, ಎಲ್ಲ. ಅವರು ಶೇಂಗಾ ಹರಡುತ್ತಲೇ ಇದ್ದರು.

“ಚರ್ಮ ಹೋಯ್ತು, ಹೋಗ್ಲಿ. ಎಂದಾದ್ರೂ ಹೋಗೂದೇ ಆಗಿತ್ತು,” ಎಂದರು ಕಡೆಗೆ. “ನಾ ಅವತ್ತು ನಿಂಗೆ ಕೈ ಮುಗ್ದೆ. ನೀ ಯಂತಕ್ಕೆ ಮುಗಿಸ್ಕಂಡೆ?”

ನಾನು ಬಗ್ಗಿ ಕಾಲ ಬಳಿ ಸಿಡಿದಿದ್ದ ಶೇಂಗಾ ಹೆಕ್ಕತೊಡಗಿದೆ.

“ತಡೀಬೇಕಿತ್ತಲಾ ನೀನು. ಬೇಡ ಭಾವಾ ಅಂದಿದ್ರೂ ಸಾಕಿತ್ತು.” ಬುಟ್ಟಿ ಎತ್ತಿಕೊಂಡು ಗದ್ದೆಯ ಕಡೆ ನಡೆದರು.

ನಾನು ಹೊರಡಲು ತಿರುಗಿದೆ. ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ಅಕ್ಕ, “ಉಂಡ್ಕಂಡು ಹೋಗು,” ಎಂದಳು. ಹಾಗೇ ಹೋಗುತ್ತೇನೆ ಎಂದೆ. “ಉಣ್ಣದೇ ಹೋದ್ರೆ ಇಬ್ರೂ ಸಿಟ್ಟಾದ ಹಾಂಗೆ ಆಗ್ತದೆ. ಸಿಟ್ಟಾಗೂಕೆ ನಿಂಗೆ ಯಂತ ಉಂಟು? ಬಾ, ಕುಂತ್ಕ.”

ಒಂದೇ ಬಟ್ಟಲು ಹಾಕಿದಳು. ಮೀನುಸಾರು, ಅನ್ನ. ಭಾವ ಬರಲಿಲ್ಲ, ಅವಳೂ ಕರೆಯಲಿಲ್ಲ. ಅವಳು ಎದುರಿಗೆ ಕುಳಿತು, ನಾನು ಅನ್ನ ಬಿಟ್ಟು ಏಳುತ್ತೇನೇನೋ ಎಂದು ಕಾಯುವಂತೆ ನೋಡುತ್ತಿದ್ದಳು. ಬಡಿಸಿದ್ದನ್ನೆಲ್ಲ ಉಂಡೆ. ಎರಡನೆಯ ಸಲ ಬಡಿಸಿದಾಗಲೂ ಬೇಡ ಎನ್ನುವ ಧೈರ್ಯವಾಗಲಿಲ್ಲ.